ಪಿಸ್ಟನ್ ಕೊನೆಗೆ ಕೊಳ್ಳು

ಅಳಿಯಾ,

ನೀನು ಷೆವರ್ಲೆಯ ಸ್ಮಾಲ್ ಬ್ಲಾಕ್ ಎಂಜಿನ್ 400ರ ಬ್ಲಾಕ್ ಕೊಂಡ ಸುದ್ದಿ ಕೇಳಿ ಖುಷಿಯಾಯಿತು. ಬ್ಲಾಕ್ ಮನೆಗೆ ಬಂದ ವಾರವೇ ಪಿಸ್ಟನ್ನಿಗೂ ಆರ್ಡರ್ ಕೊಡುವವನಿದ್ದೀಯ ಎಂದು ಗೊತ್ತಾದ ಮೇಲೆ ಮಾತ್ರ ಸುಮ್ಮನಿರಲು ಆಗಲಿಲ್ಲ. ಫೋನಿನಲ್ಲಿ ಹೇಳಿದರೆ ‘ಹೂಂ ಮಾವ, ಹೂಂ ಮಾವ’ ಅಂತೀಯ, ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಡ್ರ್ಯಾಗ್ ರೇಸಿನ ಹುಚ್ಚು ಹಿಡಿಸಿಕೊಂಡಿರುವ ನಿನ್ನ ಗೆಳೆಯರಿಗೂ ಓದಿಸು. ಅವರಲ್ಲಿ ಒಬ್ಬಿಬ್ಬರು ಕನ್ನಡದ ಹುಡುಗರೇ ತಾನೆ.

ಷೆವರ್ಲೆಯ ಒಡೆಯ ಜನರಲ್ ಮೋಟಾರ್ಸ್ ತನ್ನ ಹತ್ತು ಕೋಟಿಯನೇ ಸ್ಮಾಲ್ ಬ್ಲಾಕ್ ಎಂಜಿನ್ ತಯಾರಿಸಿದ್ದು 2011ರಲ್ಲಿ. ಇಷ್ಟೊಂದು ತಯಾರಾಗಿದ್ದರೂ ರೇಸಿಗೆ ತಡೆಯುವ ಒಂದು ಹಳೆಯ ಬ್ಲಾಕ್ ಬೇಕೆಂದರೆ ಮಿಷಿಗನ್ನಿನಿಂದ ಇಂಡಿಯಾನಾವರೆಗೆ ಅಲೆಯಬೇಕು, ಸಿಕ್ಕಮೇಲೆ ಕೇಳಿದಷ್ಟು ಕೊಡಬೇಕು. ಆ ಹತ್ತು ಕೋಟಿಯಲ್ಲಿ ಹೊಸ ಕಾಲದ ಅಲ್ಯೂಮಿನಿಯಂ ಎಂಜಿನ್ನುಗಳೂ ಸೇರಿವೆ. ಹಳೆಯ ಕಬ್ಬಿಣದವುಗಳಲ್ಲಿ ಬಹುಪಾಲು ಗುಜರಿಗೆ ಹೋಗಿ ಕರಗಿದವು. ಉಳಿದವುಗಳಲ್ಲಿ ಕೆಲವು ಇಲ್ಲಿಯ ಚಳಿಗೆ ಒಳಗಿನ ನೀರು ಹೆಪ್ಪುಗಟ್ಟಿ ಸೀಳಿದವು, ಕೆಲವು ಮತ್ತೆ ಮತ್ತೆ ಬೋರ್ ಹೊಡೆಸಿಕೊಂಡು ಗೋಡೆ ತೆಳ್ಳಗಾದವು. ಹಾಗಾಗಿ ನಿನ್ನ ಗ್ಯಾರೇಜಿನಲ್ಲಿ ಕೂತಿರುವ ಬ್ಲಾಕ್ ಒಳ್ಳೆಯದೇ ಆಗಿದ್ದರೆ ಅದು ಅಪರೂಪದ ವಸ್ತು. ಒಳ್ಳೆಯದು ಹೌದೋ ಅಲ್ಲವೋ ಎನ್ನುವುದು ಇನ್ನೂ ನಿನಗೂ ಗೊತ್ತಿಲ್ಲ, ಮಾರಿದವನಿಗೂ ಗೊತ್ತಿಲ್ಲ. ಅದು ಗೊತ್ತಾಗುವವರೆಗೆ ಬೇರೆ ಯಾವುದಕ್ಕೂ ಒಂದು ಡಾಲರ್ ಬಿಚ್ಚಬೇಡ.

ಈ ಎಂಜಿನ್ನಿನ ಮೂಲ ಗೊತ್ತಿದ್ದರೆ ಮುಂದಿನ ಮಾತು ಸುಲಭವಾಗಿ ತಲೆಗೆ ಹತ್ತುತ್ತದೆ. 1955ರ ಮಾಡೆಲ್ಲಿಗೆ ಷೆವರ್ಲೆ ಇದನ್ನು ಹೊರತಂದಾಗ ಇದು 265 ಘನ ಇಂಚು, ಅಂದರೆ 4.3 ಲೀಟರ್. ಆಗ ಅಲ್ಲಿ ಮುಖ್ಯ ಎಂಜಿನಿಯರ್ ಆಗಿದ್ದವರು ಎಡ್ ಕೋಲ್. ಒಂದು ಸಿಲಿಂಡರಿನ ನಡುಮಧ್ಯದಿಂದ ಪಕ್ಕದ ಸಿಲಿಂಡರಿನ ನಡುಮಧ್ಯಕ್ಕೆ ಅವರು ಇಟ್ಟ ದೂರ 4.40 ಇಂಚು. 1957ರಲ್ಲಿ 283 ಬಂತು, 1962ರಲ್ಲಿ 327, 1967ರಲ್ಲಿ 350, 1970ರಲ್ಲಿ 400. ಆ 4.40ರ ಅಳತೆ ಮಾತ್ರ ಕದಲಲಿಲ್ಲ. ಮೂವತ್ತು ನಲವತ್ತರ ಸೈಟಿನಲ್ಲೇ ಕೋಣೆಯ ಮೇಲೆ ಕೋಣೆ ಕಟ್ಟುತ್ತಾ ಹೋದ ಹಾಗೆ, ಅದೇ ಜಾಗದಲ್ಲಿ ಬೋರನ್ನು ಹಿಗ್ಗಿಸುತ್ತಾ ಹೋದರು. 400ಕ್ಕೆ ಬರುವ ಹೊತ್ತಿಗೆ ಬೋರು 4.125 ಇಂಚಾಯಿತು. 4.40ರಲ್ಲಿ ಅದನ್ನು ಕಳೆದರೆ ಎರಡು ಸಿಲಿಂಡರುಗಳ ನಡುವೆ ಉಳಿಯುವ ಕಬ್ಬಿಣ ಸುಮಾರು 7 ಮಿಲಿಮೀಟರ್. ಅಷ್ಟರಲ್ಲಿ ನೀರು ಹರಿಯಲು ಜಾಗವೆಲ್ಲಿ? ಅದಕ್ಕೇ ಈ ಬ್ಲಾಕಿನಲ್ಲಿ ಸಿಲಿಂಡರುಗಳನ್ನು ಒಂದಕ್ಕೊಂದು ಅಂಟಿಸಿಯೇ ಎರಕ ಹೊಯ್ದರು. ಆ ಸಂದಿಯಲ್ಲಿ ಕೂಡುವ ಆವಿ ಹೊರಹೋಗಲೆಂದು ಬ್ಲಾಕಿನ ಮೇಲ್ಮೈಯಲ್ಲಿ ಸಣ್ಣ ತೂತುಗಳಿವೆ. 350ರ ಹೆಡ್ ತಂದು ಇದರ ಮೇಲೆ ಕೂರಿಸುವವರು ಹೆಡ್ಡಿನಲ್ಲೂ ಅದೇ ಜಾಗಕ್ಕೆ ತೂತು ಕೊರೆಸಬೇಕು. ಕೊರೆಸದಿದ್ದರೆ ಆವಿ ಅಲ್ಲೇ ಕಟ್ಟಿಕೊಂಡು ಹೆಡ್ ಗ್ಯಾಸ್ಕೆಟ್ ಸುಟ್ಟುಹೋಗುತ್ತದೆ. 1980ಕ್ಕೆ ಈ ಬ್ಲಾಕಿನ ತಯಾರಿ ನಿಂತಿತು. ನಿನ್ನದು ಯಾವ ವರ್ಷದ್ದೇ ಇರಲಿ, ಅದಕ್ಕೆ ನಿನಗಿಂತ ಹೆಚ್ಚು ವಯಸ್ಸು.

ನಿನ್ನ ಬ್ಲಾಕಿನಲ್ಲಿ ಮೇನ್ ಕ್ಯಾಪಿಗೆ ಎರಡೇ ಬೋಲ್ಟು, ನಾಲ್ಕು ಬೋಲ್ಟಿನದು ಸಿಗಲಿಲ್ಲ ಎಂದು ಬೇಸರ ಮಾಡಿಕೊಂಡಿದ್ದೆಯಂತೆ. ಬೇಸರಪಡುವ ಕಾರಣವೇ ಇಲ್ಲ. 400ರಲ್ಲಿ ಮೊದಲ ವರ್ಷಗಳ ಬ್ಲಾಕುಗಳಿಗೆ ನಾಲ್ಕು ಬೋಲ್ಟಿತ್ತು ನಿಜ. ಆದರೆ ಹೊರಗಡೆಯ ಆ ಎರಡು ತೂತುಗಳು ಕ್ಯಾಪಿನ ಬುಡದ ಕಬ್ಬಿಣವನ್ನು ಕಡಿಮೆ ಮಾಡಿದವು, ಬಿರುಕು ಬಿಡುವುದು ಅಲ್ಲೇ. ಎರಡು ಬೋಲ್ಟಿನ ಬ್ಲಾಕಿನಲ್ಲಿ ಆ ಕಬ್ಬಿಣ ಹಾಗೇ ಉಳಿದಿರುತ್ತದೆ. ಅದಕ್ಕೆ ಉಕ್ಕಿನ ಹೊಸ ಕ್ಯಾಪ್ ಹಾಕಿಸಿ, ಹೊರಗಿನ ಬೋಲ್ಟುಗಳನ್ನು ಓರೆಯಾಗಿ ಗಟ್ಟಿ ಕಬ್ಬಿಣದೊಳಕ್ಕೆ ಇಳಿಸಿದರೆ ಕಾರ್ಖಾನೆಯ ನಾಲ್ಕು ಬೋಲ್ಟಿಗಿಂತ ಬಲವಾಗುತ್ತದೆ. ನಾಲ್ಕು ಬೋಲ್ಟು ಎಂಬ ಹೆಸರಿಗೇ ಸಂತೆಯಲ್ಲಿ ಹೆಚ್ಚು ಬೆಲೆ ಕೊಡುವವರಿದ್ದಾರೆ. ಆ ದುಡ್ಡು ನಿನಗೆ ಉಳಿಯಿತು ಅಂದುಕೋ.

ಬ್ಲಾಕಿನ ಮುಂದೆ, ಟೈಮಿಂಗ್ ಕವರಿನ ಹಿಂದೆ 010, 020 ಎಂಬ ಅಂಕೆ ಎರಕದಲ್ಲೇ ಮೂಡಿದ್ದರೆ ಅದರಲ್ಲಿ ತವರ, ನಿಕ್ಕಲ್ ಹೆಚ್ಚಿದೆ, ಕಬ್ಬಿಣ ಗಟ್ಟಿ ಎಂದು ಹೇಳುವವರೂ ಸಿಗುತ್ತಾರೆ. ಅಂಥ ಅಂಕೆ ಇರುವ ಬ್ಲಾಕಿಗೆ ಜಾಸ್ತಿ ಕೇಳುತ್ತಾರೆ. ನಾನು ಆ ಅಂಕೆ ನೋಡಿ ಬ್ಲಾಕ್ ಆರಿಸುವವನಲ್ಲ. ಬ್ಲಾಕಿನ ಹಿಂಬದಿಯ ಎರಕದ ನಂಬರನ್ನು ಮಾತ್ರ ಓದಲು ಕಲಿ. ಅದು ಯಾವ ಅಳತೆಯ ಬ್ಲಾಕು ಎಂದು ಹೇಳುತ್ತದೆ. ತಾರೀಕಿನ ಗುರುತೂ ಇರುತ್ತದೆ: ಜನವರಿಗೆ ಎ, ಫೆಬ್ರವರಿಗೆ ಬಿ, ಹೀಗೆ ಅಕ್ಷರದಲ್ಲಿ ತಿಂಗಳು, ಆಮೇಲೆ ದಿನ, ಆಮೇಲೆ ವರ್ಷದ ಕೊನೆಯ ಅಂಕೆ. ಇಷ್ಟು ಗೊತ್ತಿದ್ದರೆ 350ನ್ನು 400 ಎಂದು ನಿನಗೆ ಕಟ್ಟಲಾರರು. ಕಬ್ಬಿಣ ಗಟ್ಟಿಯೋ ಅಲ್ಲವೋ ಎನ್ನುವುದನ್ನು ಯಂತ್ರ ಹೇಳಬೇಕು, ಅಂಕೆ ಅಲ್ಲ.

ಮೊದಲು ಬ್ಲಾಕನ್ನು ಬಿಸಿ ಟ್ಯಾಂಕಿನಲ್ಲಿ ತೊಳೆಸು. ಆಮೇಲೆ ಮ್ಯಾಗ್ನಾಫ್ಲಕ್ಸ್. ಬ್ಲಾಕಿಗೆ ಅಯಸ್ಕಾಂತ ಹಿಡಿದು ಸಣ್ಣ ಕಬ್ಬಿಣದ ಪುಡಿ ಚೆಲ್ಲುತ್ತಾರೆ. ಬಿರುಕಿದ್ದ ಕಡೆ ಪುಡಿ ಸಾಲಾಗಿ ನಿಂತುಬಿಡುತ್ತದೆ. ಮೇನ್ ಕ್ಯಾಪಿನ ಬುಡ, ಹೆಡ್ ಬೋಲ್ಟಿನ ತೂತುಗಳ ಸುತ್ತ, ಸಿಲಿಂಡರುಗಳ ನಡುವಿನ ಆ ಕಿರಿದಾದ ಪಟ್ಟಿ, ಇಷ್ಟನ್ನು ಪಕ್ಕದಲ್ಲಿ ನಿಂತು ನೋಡು. ಆಮೇಲೆ ಸೋನಿಕ್ ಟೆಸ್ಟ್. ಬೆರಳಿನಷ್ಟಿರುವ ಒಂದು ಸಲಕರಣೆಯ ತುದಿಗೆ ಜೆಲ್ ಹಚ್ಚಿ ಸಿಲಿಂಡರಿನ ಗೋಡೆಗೆ ಒತ್ತಿ ಹಿಡಿದರೆ ಅದು ಶಬ್ದದ ಅಲೆ ಕಳಿಸಿ ಗೋಡೆಯ ದಪ್ಪ ಹೇಳುತ್ತದೆ. ಪ್ರತಿ ಸಿಲಿಂಡರಿಗೆ ನಾಲ್ಕು ದಿಕ್ಕು, ಪ್ರತಿ ದಿಕ್ಕಿಗೆ ಮೇಲೆ, ನಡುವೆ, ಕೆಳಗೆ. ಎಂಟು ಸಿಲಿಂಡರಿಗೆ 96 ಅಂಕೆ. ಅವನ್ನೆಲ್ಲ ಕಾಗದದ ಮೇಲೆ ಬರೆಸಿಕೋ.

ಯಾಕೆ ಇಷ್ಟು ಹಟ ಹಿಡಿಯುತ್ತೇನೆಂದರೆ, ಎರಕ ಹೊಯ್ಯುವಾಗ ಒಳಗಿನ ಮರಳಿನ ಅಚ್ಚು ಒಂದಿಷ್ಟು ಸರಿಯುತ್ತದೆ. ಆಗ ಗೋಡೆ ಒಂದು ಮಗ್ಗುಲಿಗೆ ದಪ್ಪ, ಇನ್ನೊಂದು ಮಗ್ಗುಲಿಗೆ ತೆಳು. ಕಣ್ಣಿಗೆ ಕಾಣುವುದಿಲ್ಲ. ಪೆಟ್ರೋಲ್ ಉರಿದು ಪಿಸ್ಟನ್ ಕೆಳಗಿಳಿಯುವಾಗ ಅದು ನೆಟ್ಟಗೆ ಇಳಿಯುವುದಿಲ್ಲ, ರಾಡಿನ ಓರೆಗೆ ಒಂದು ಗೋಡೆಯನ್ನು ಒತ್ತುತ್ತಾ ಇಳಿಯುತ್ತದೆ. ಒತ್ತುವ ಆ ಮಗ್ಗುಲಲ್ಲಿ ನನಗೆ 200 ಥೌ ಹತ್ತಿರ ಬೇಕು. ಥೌ ಅಂದರೆ ಇಂಚಿನ ಸಾವಿರದ ಒಂದು ಪಾಲು, ನಿನಗೆ ಗೊತ್ತಿರುವುದೇ. 150ಕ್ಕಿಂತ ಕೆಳಗಿದ್ದರೆ ಅಂಥ ಬ್ಲಾಕನ್ನು ರಸ್ತೆಯ ಕಾರಿಗೆ ಹಾಕು, ರೇಸಿಗೆ ಬೇಡ. ತೆಳು ಗೋಡೆ ಒಡೆಯದೆ ಇದ್ದರೂ ಬಾಗುತ್ತದೆ. ಬಾಗಿದಾಗ ರಿಂಗು ಗೋಡೆಗೆ ಕೂರುವುದಿಲ್ಲ, ಒತ್ತಡ ಕೆಳಗೆ ಸೋರುತ್ತದೆ, ನೀನು ಕಾರ್ಬ್ಯುರೇಟರನ್ನು ಬೈಯುತ್ತಾ ಕೂರುತ್ತೀಯ.

ಒಂದೇ ಒಂದು ಸಿಲಿಂಡರ್ ಕೆಟ್ಟಿದೆ, ಉಳಿದ ಏಳು ಚೆನ್ನಾಗಿವೆ ಎಂದಾದರೆ ಬ್ಲಾಕನ್ನು ಎಸೆಯಬೇಡ, ಸ್ಲೀವ್ ಹಾಕಿಸು. ಇಲ್ಲಿಯ ಹುಡುಗರು ಸ್ಲೀವ್ ಅಂದರೆ ಮುಖ ಸಿಂಡರಿಸುತ್ತಾರೆ. ನಾನು ಬೆಂಗಳೂರಿನ ಜೆ.ಸಿ. ರಸ್ತೆಯ ಹಿಂದಿನ ಗಲ್ಲಿಯಲ್ಲಿ ಲೇತ್ ಕಲಿತವನು. ಅಲ್ಲಿ ಅಂಬಾಸಿಡರಿಗೂ ಲಾರಿಗೂ ಸ್ಲೀವ್ ಬಡಿದು ಬೋರ್ ಹೊಡೆದು ಕಳಿಸುವುದು ದಿನನಿತ್ಯದ ಕೆಲಸ. ಹೊಸ ಬ್ಲಾಕ್ ತರಿಸುವ ಯೋಚನೆಯನ್ನೇ ಯಾರೂ ಮಾಡುತ್ತಿರಲಿಲ್ಲ. ಹೊಂದಿಕೆ ಬಿಗಿಯಾಗಿದ್ದು, ಕೆಳಗೆ ಸ್ಲೀವ್ ಕೂರಲು ಮೆಟ್ಟಿಲು ಬಿಟ್ಟು ಕೊರೆದಿದ್ದರೆ ಅದು ಬ್ಲಾಕಿನಷ್ಟೇ ಬಾಳುತ್ತದೆ. ಡಾರ್ಟ್‌ನಂಥ ಕಂಪನಿಗಳು ರೇಸಿಗೆಂದೇ ಹೊಸದಾಗಿ ಎರಕ ಹೊಯ್ದ ಬ್ಲಾಕ್ ಮಾರುತ್ತವೆ, ಒಳ್ಳೆಯವೇ, ಆದರೆ ಬರಿಯ ಬ್ಲಾಕಿಗೇ ಸಾವಿರಾರು ಡಾಲರ್. ಎರಡು ವರ್ಷ ಸಂಬಳ ಕೂಡಿಟ್ಟ ಮೇಲೆ ಅದನ್ನು ಯೋಚಿಸು.

ಇನ್ನು ಬೋರ್ ಹೊಡೆಸುವ ಮಾತು. ಎಷ್ಟು ಬೇಕೋ ಅಷ್ಟೇ ಹೊಡೆಸು. 20 ಥೌಗೆ ಶುದ್ಧವಾಗುವ ಸಿಲಿಂಡರನ್ನು ಸುಲಭವಾಗಿ ಪಿಸ್ಟನ್ ಸಿಗುತ್ತದೆಂದು 40ಕ್ಕೆ ಹೊಡೆಸುವವರಿದ್ದಾರೆ. ಹೆಚ್ಚಿಗೆ ತೆಗೆದ ಆ 20 ಥೌ ಮುಂದಿನ ಸಲದ ಬೋರು. ಹೋನಿಂಗ್ ಮಾಡುವಾಗ ಬ್ಲಾಕಿನ ಮೇಲೆ ಟಾರ್ಕ್ ಪ್ಲೇಟ್ ಬಿಗಿದೇ ಮಾಡಬೇಕು ಎಂದು ಹೇಳು. ಈ ಎಂಜಿನ್ನಿನ ಒಂದೊಂದು ಹೆಡ್ಡಿಗೂ 17 ಬೋಲ್ಟು. ಅವನ್ನೆಲ್ಲ ಬಿಗಿದಾಗ ದುಂಡಗಿದ್ದ ಸಿಲಿಂಡರ್ ಒಂದೆರಡು ಥೌ ಸೊಟ್ಟಗಾಗುತ್ತದೆ. ದಪ್ಪ ಉಕ್ಕಿನ ಹಲಗೆಯನ್ನು ಹೆಡ್ಡಿನ ಹಾಗೇ ಬಿಗಿದು, ಸೊಟ್ಟ ಮಾಡಿಯೇ, ಆ ಸ್ಥಿತಿಯಲ್ಲಿ ದುಂಡಗೆ ಉಜ್ಜಬೇಕು. ಆಗ ಹೆಡ್ ಕೂರಿಸಿದ ಮೇಲೆ ದುಂಡಗಿರುತ್ತದೆ. ನಿನ್ನ ಹೆಡ್ ಗ್ಯಾಸ್ಕೆಟ್ಟನ್ನೂ ಬೋಲ್ಟುಗಳನ್ನೂ ನೀನೇ ಒಯ್ದುಕೊಡು. ಬೇರೆ ಬೋಲ್ಟು ಹಾಕಿ ಬಿಗಿದರೆ ಸೊಟ್ಟವೂ ಬೇರೆಯೇ ಆಗುತ್ತದೆ.

ಈಗ ಪಿಸ್ಟನ್. ಅದನ್ನು ಎಲ್ಲಕ್ಕಿಂತ ಕೊನೆಗೆ ಕೊಳ್ಳಬೇಕು ಎನ್ನುವುದಕ್ಕೆ ಕಾರಣ ಲೆಕ್ಕದಲ್ಲಿದೆ. ಪಿಸ್ಟನ್ನಿನ ಅಗಲ ಮುಗಿದ ಬೋರಿನ ಮೇಲೆ ನಿಂತಿದೆ. ಅದರ ಎತ್ತರ ನಿನ್ನ ರಾಡಿನ ಉದ್ದ, ಕ್ರ್ಯಾಂಕಿನ ಸ್ಟ್ರೋಕ್, ಬ್ಲಾಕಿನ ಎತ್ತರ ಮೂರರ ಮೇಲೂ ನಿಂತಿದೆ. ತಲೆ ಚಪ್ಪಟೆಯೋ ಉಬ್ಬೋ ತಗ್ಗೋ ಎನ್ನುವುದು ಹೆಡ್ಡಿನ ಮೇಲೆ. ನಿನ್ನ 400ನ್ನು 30 ಥೌ ಹೊಡೆಸಿದರೆ ಬೋರು 4.155 ಇಂಚು, ಸ್ಟ್ರೋಕ್ 3.75. ಒಂದು ಸಿಲಿಂಡರಿಗೆ 833 ಸಿಸಿ. ಚಪ್ಪಟೆ ಪಿಸ್ಟನ್ ಬ್ಲಾಕಿನ ಮೇಲ್ಮೈಗೆ ಸಮವಾಗಿ ಬಂದು ನಿಲ್ಲುತ್ತದೆ, ವಾಲ್ವಿನ ಕಚ್ಚುಗಳಿಗೆ 5 ಸಿಸಿ, ಗ್ಯಾಸ್ಕೆಟ್ಟಿಗೆ 9 ಸಿಸಿ ಎಂದಿಟ್ಟುಕೋ. ಹೆಡ್ಡಿನ ಚೇಂಬರ್ 64 ಸಿಸಿ ಇದ್ದರೆ ಕಂಪ್ರೆಷನ್ 11.7 ಬರುತ್ತದೆ. ಅದೇ ಪಿಸ್ಟನ್ನಿಗೆ 76 ಸಿಸಿಯ ಹೆಡ್ ಹಾಕಿದರೆ 10.3. ಪಂಪಿನಲ್ಲಿ ಸಿಗುವ 93 ಆಕ್ಟೇನ್ ಪೆಟ್ರೋಲಿನಲ್ಲಿ, ಕಬ್ಬಿಣದ ಹೆಡ್ ಇಟ್ಟುಕೊಂಡು 11.7 ನಡೆಸಲು ಹೋದರೆ ಎಂಜಿನ್ ನಾಕ್ ಹೊಡೆದು ಪಿಸ್ಟನ್ನಿನ ಅಂಚು ಮುರಿಯುತ್ತದೆ. ಆಮೇಲೆ ಡ್ರಮ್ಮುಗಟ್ಟಲೆ ರೇಸ್ ಪೆಟ್ರೋಲ್ ಕೊಳ್ಳುವ ಖರ್ಚು. ಹೆಡ್ ಯಾವುದು ಎಂದು ನಿರ್ಧರಿಸದೆ, ಅದರ ಚೇಂಬರನ್ನು ಬ್ಯುರೆಟ್ಟಿನಿಂದ ದ್ರವ ಹೊಯ್ದು ಅಳೆಯದೆ ಪಿಸ್ಟನ್ ತರಿಸಿದವನು ಪಿಸ್ಟನ್ನಿಗೆ ತಕ್ಕ ಹೆಡ್ ಹುಡುಕುತ್ತಾ ಇನ್ನಷ್ಟು ದುಡ್ಡು ಕಳೆಯುತ್ತಾನೆ. ಅಳತೆ ಕೊಟ್ಟು ಮಾಡಿಸಿದ ಫೋರ್ಜ್ಡ್ ಪಿಸ್ಟನ್ನನ್ನು ಯಾರೂ ವಾಪಸು ತೆಗೆದುಕೊಳ್ಳುವುದಿಲ್ಲ.

ದುಡ್ಡು ಕಡಿಮೆ ಇರುವವನು ಎಲ್ಲಿ ಬಿಗಿ ಹಿಡಿಯಬೇಕು, ಎಲ್ಲಿ ಧಾರಾಳವಾಗಿರಬೇಕು ಎಂದು ಕೇಳಿದರೆ ನನ್ನ ಉತ್ತರ ಒಂದೇ. ಯಾವುದು ಮುರಿದರೆ ಉಳಿದದ್ದೆಲ್ಲ ಹಾಳಾಗುತ್ತದೋ ಅಲ್ಲಿ ಚೌಕಾಸಿ ಬೇಡ. ರಾಡ್ ಬೋಲ್ಟು ಅಂಥದ್ದು. 7000 ಆರ್‌ಪಿಎಂನಲ್ಲಿ ಪಿಸ್ಟನ್ ಸೆಕೆಂಡಿಗೆ 233 ಸಲ ನಿಂತು ದಿಕ್ಕು ಬದಲಿಸುತ್ತದೆ. ನಿನ್ನ ಸ್ಟ್ರೋಕಿಗೆ ಅದರ ಸರಾಸರಿ ವೇಗ ಸೆಕೆಂಡಿಗೆ 22 ಮೀಟರ್. ಪೆಟ್ರೋಲ್ ಉರಿದಾಗ ರಾಡಿಗೆ ಬೀಳುವುದು ಒತ್ತುವ ಭಾರ, ಅದನ್ನು ರಾಡು ತಡೆಯುತ್ತದೆ. ಹೊಗೆ ಹೊರದೂಡಿ ಪಿಸ್ಟನ್ ತುತ್ತತುದಿಗೆ ಬಂದಾಗ ಮೇಲಿನಿಂದ ಒತ್ತುವುದು ಏನೂ ಇರುವುದಿಲ್ಲ. ಮೇಲಕ್ಕೆ ನುಗ್ಗುತ್ತಿರುವ ಪಿಸ್ಟನ್ನನ್ನು ಹಿಡಿದು ನಿಲ್ಲಿಸಿ ಕೆಳಗೆಳೆಯುವುದು ಆ ಎರಡು ಬೋಲ್ಟುಗಳೇ. ಅವು ಹೋದರೆ ರಾಡು ಬ್ಲಾಕಿನ ಗೋಡೆ ಒಡೆದುಕೊಂಡು ಹೊರಗೆ ಬರುತ್ತದೆ, ಕ್ರ್ಯಾಂಕು, ಕ್ಯಾಮು, ಹೆಡ್ಡು ಎಲ್ಲ ಒಟ್ಟಿಗೇ ಹೋಗುತ್ತವೆ. ಒಳ್ಳೆಯ ಕಂಪನಿಯ ಬೋಲ್ಟು ತೆಗೆದುಕೊಂಡು, ಟಾರ್ಕ್ ರೆಂಚ್ ಒಂದನ್ನೇ ನಂಬದೆ, ಬಿಗಿದಾಗ ಬೋಲ್ಟು ಎಷ್ಟು ಹಿಗ್ಗಿತು ಎಂದು ಗೇಜ್ ಇಟ್ಟು ನೋಡು. ಬಿಗಿಯುವ ಮೊದಲಿನ ಉದ್ದವನ್ನೂ ಬರೆದಿಡು. ಬಿಚ್ಚಿದ ಮೇಲೂ ಉದ್ದವೇ ಉಳಿದ ಬೋಲ್ಟನ್ನು ಮತ್ತೆ ಹಾಕಬೇಡ.

ಹಳೆಯ ರಾಡುಗಳ ಮೋಹವನ್ನೂ ಬಿಡು. ಕಾರ್ಖಾನೆಯ ಹಳೆ ರಾಡಿಗೆ ಹೊಸ ಬೋಲ್ಟು, ಬುಷ್, ಹೋನಿಂಗ್ ಎಂದು ಖರ್ಚು ಮಾಡುವಷ್ಟರಲ್ಲಿ ಹೊಸ ಫೋರ್ಜ್ಡ್ ರಾಡಿನ ಸೆಟ್ ಬರುತ್ತದೆ. 400ರ ಮೂಲ ರಾಡು 5.565 ಇಂಚು, ಉಳಿದ ಸ್ಮಾಲ್ ಬ್ಲಾಕುಗಳಿಗಿಂತ ಗಿಡ್ಡ. ಅದನ್ನು ಕಾಪಿಟ್ಟು ಸಾಧಿಸುವುದು ಏನೂ ಇಲ್ಲ. ವಾಲ್ವ್ ಸ್ಪ್ರಿಂಗೂ ಅಷ್ಟೇ, ಬೇರೆಯವರು ಓಡಿಸಿ ಬಿಚ್ಚಿದ್ದನ್ನು ಪುಕ್ಕಟೆ ಕೊಟ್ಟರೂ ತರಬೇಡ. ಸ್ಪ್ರಿಂಗ್ ಮುರಿದರೆ ವಾಲ್ವ್ ಸಿಲಿಂಡರಿನೊಳಕ್ಕೆ ಬೀಳುತ್ತದೆ. ಆದರೆ ಫೋರ್ಜ್ಡ್ ಕ್ರ್ಯಾಂಕ್, ಇನ್‌ಟೇಕ್, ಕಾರ್ಬ್ಯುರೇಟರ್, ರಾಕರ್ ಕವರ್, ಡಿಸ್ಟ್ರಿಬ್ಯೂಟರ್ ಇವನ್ನೆಲ್ಲ ಸೆಕೆಂಡ್ ಹ್ಯಾಂಡ್ ತರಬಹುದು, ಪರೀಕ್ಷೆ ಮಾಡಿಸಿ ತರಬಹುದು. ಮಿರುಗುವ ಕವರಿನಿಂದ ಕಾರು ಓಡಿದ್ದನ್ನು ನಾನು ಕಂಡಿಲ್ಲ.

ಫ್ಲಾಟ್ ಟ್ಯಾಪೆಟ್ ಕ್ಯಾಮ್ ಹಾಕುವೆಯಾದರೆ ಎಣ್ಣೆಯ ಕಡೆ ಗಮನವಿರಲಿ. ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕೆಡಬಾರದೆಂದು ಇವತ್ತಿನ ಎಣ್ಣೆಯಲ್ಲಿ ಸತುವು, ರಂಜಕ ಕಡಿಮೆ ಮಾಡಿದ್ದಾರೆ. ಹಳೆಯ ಮಾದರಿಯ ಲಿಫ್ಟರನ್ನೂ ಕ್ಯಾಮನ್ನೂ ಸವೆತದಿಂದ ಕಾಯುತ್ತಿದ್ದುದು ಅದೇ. ರೇಸಿನ ಎಣ್ಣೆ ಹಾಕು. ಮೊದಲ ಸಲ ಎಂಜಿನ್ ಹತ್ತಿದ ತಕ್ಷಣ ಐಡಲಿಗೆ ಬಿಡದೆ 2000ದಿಂದ 2500 ಆರ್‌ಪಿಎಂನಲ್ಲಿ ಇಪ್ಪತ್ತು ನಿಮಿಷ ಹಿಡಿ.

ಸಿಗದ ಭಾಗಗಳ ಬಗ್ಗೆ ನೀನು ತುಂಬ ಕೊರಗುತ್ತೀಯ. 1967ರ ಕಮಾರೋ ಝಡ್/28ರ 302 ಹೇಗೆ ಹುಟ್ಟಿತು ಗೊತ್ತೇ? ಟ್ರಾನ್ಸ್-ಆಮ್ ರೇಸಿನಲ್ಲಿ ಎಂಜಿನ್ 305 ಘನ ಇಂಚು ಮೀರಬಾರದಿತ್ತು. ಷೆವರ್ಲೆಯ ಎಂಜಿನಿಯರುಗಳು 327ರ ಬೋರಿಗೆ 283ರ ಸ್ಟ್ರೋಕ್ ಜೋಡಿಸಿದರು. ಕೈಯಲ್ಲಿದ್ದ ಎರಡು ಅಳತೆಗಳಿಂದ ಹೊಸ ಎಂಜಿನ್ನು. ಆಮೇಲೆ ಬಡ ರೇಸುಗಾರರು ಮಾಡಿದ್ದೂ ಇದನ್ನೇ: ಗುಜರಿಯಲ್ಲಿ ಬಿದ್ದ 400ರ ಕ್ರ್ಯಾಂಕ್ ತಂದು, ಅದರ 2.65 ಇಂಚಿನ ಮೇನ್ ಜರ್ನಲನ್ನು 2.45ಕ್ಕೆ ಇಳಿಸಿ, 30 ಥೌ ಹೊಡೆಸಿದ 350ರ ಬ್ಲಾಕಿನಲ್ಲಿ ಕೂರಿಸಿ 383 ಮಾಡಿದರು. ಆಗ ಅಂಗಡಿಯಲ್ಲಿ ಅಗ್ಗದ ಸ್ಟ್ರೋಕರ್ ಕ್ರ್ಯಾಂಕು ಸಿಗುತ್ತಿರಲಿಲ್ಲ.

ಡ್ರ್ಯಾಗ್ ರೇಸುಗಾರ ಬಿಲ್ ಜೆಂಕಿನ್ಸ್ ಅವರ ಹೆಸರು ಕೇಳಿದ್ದೀಯ, ‘ಗ್ರಂಪಿ’ ಎಂದೇ ಎಲ್ಲರೂ ಕರೆಯುತ್ತಿದ್ದುದು. ಕಾರ್ನೆಲ್‌ನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದು ನಡುವೆ ಬಿಟ್ಟು ಬಂದವರು. ಪ್ರೊ ಸ್ಟಾಕ್ ರೇಸಿನಲ್ಲಿ ಕ್ರೈಸ್ಲರ್ ಕಂಪನಿಯ ಹೆಮಿ ಎಂಜಿನ್ನುಗಳು ಆಳುತ್ತಿದ್ದ ಹೊತ್ತು. 1972ರಲ್ಲಿ ಡ್ರ್ಯಾಗ್ ರೇಸ್ ನಡೆಸುವ ಸಂಸ್ಥೆಯಾದ ಎನ್‌ಎಚ್‌ಆರ್‌ಎ ನಿಯಮ ಬದಲಿಸಿ, ಸಣ್ಣ ಕಾರಿನಲ್ಲಿ ಸ್ಮಾಲ್ ಬ್ಲಾಕ್ ಹಾಕಿದವರಿಗೆ ತೂಕದಲ್ಲಿ ರಿಯಾಯಿತಿ ಕೊಟ್ಟಿತು. ಬೇರೆಯವರು ದೊಡ್ಡ ಎಂಜಿನ್ನನ್ನೇ ಇನ್ನಷ್ಟು ತಿದ್ದುತ್ತಿದ್ದಾಗ ಜೆಂಕಿನ್ಸ್ ಪುಟ್ಟ ವೇಗಾ ಕಾರಿಗೆ 331 ಘನ ಇಂಚಿನ ಸ್ಮಾಲ್ ಬ್ಲಾಕ್ ಕೂರಿಸಿಕೊಂಡು ಪೊಮೋನಾದ ವಿಂಟರ್‌ನ್ಯಾಷನಲ್ಸ್‌ಗೆ ಹೋಗಿ ಗೆದ್ದುಬಂದರು. 331 ಅಂದರೆ ಏನು? 327ನ್ನು 30 ಥೌ ಹೊಡೆಸಿದರೆ ಬರುವ ಅಳತೆ, ಅಷ್ಟೇ. ನಿಯಮದ ಪುಸ್ತಕ ಓದಿ, ಯಾವ ಎಂಜಿನ್ನಿಗೆ ಎಷ್ಟು ತೂಕ ಎಂದು ಲೆಕ್ಕ ಹಾಕಿ ಎಂಜಿನ್ ಆರಿಸಿದ್ದು ಅವರ ದೊಡ್ಡತನ. ನೀನೂ ಎಂಜಿನ್ ಕಟ್ಟುವ ಮೊದಲು ಯಾವ ಕ್ಲಾಸಿನಲ್ಲಿ ಓಡಿಸುತ್ತೀಯ ಎಂದು ತೀರ್ಮಾನಿಸು. ಕಟ್ಟಿದ ಮೇಲೆ ಅಲ್ಲ.

ಕ್ಲಾಸ್ ಗೊತ್ತಾದರೆ ಎಷ್ಟೋ ಭಾಗಗಳ ದುಬಾರಿ ಬೆಲೆ ನಿನ್ನ ತಲೆನೋವೇ ಅಲ್ಲ. ಹೆಡ್ಡಿನ ತುದಿಯಲ್ಲಿ ಎರಡು ಡುಬ್ಬದ ಗುರುತಿರುವ ಅರವತ್ತರ ದಶಕದ ಹೆಡ್ಡುಗಳಿಗೆ ಜನ ಮುಗಿಬೀಳುತ್ತಾರೆ. ಸ್ಟಾಕ್ ಕ್ಲಾಸಿನವರಿಗೆ ಅವು ಬೇಕು, ಏಕೆಂದರೆ ಅಲ್ಲಿ ಕಾರ್ಖಾನೆಯ ಎರಕದ ಹೆಡ್ಡೇ ಇರಬೇಕು, ಪೋರ್ಟ್ ಉಜ್ಜುವಂತಿಲ್ಲ, ಕ್ಯಾಮಿನ ಲಿಫ್ಟು ಕಾರ್ಖಾನೆಯದನ್ನು ಮೀರುವಂತಿಲ್ಲ. ಹಳೆ ಕಾರನ್ನು ಮೂಲದಂತೆ ಸಿದ್ಧಪಡಿಸುವವರಿಗೂ ಬೇಕು. ನಿನಗೆ ಯಾಕೆ? ಆ ಹೆಡ್ಡು ಕೊಂಡು, ಬಿರುಕು ನೋಡಿಸಿ, ಸೀಸವಿಲ್ಲದ ಪೆಟ್ರೋಲಿಗೆ ತಡೆಯುವ ಎಕ್ಸಾಸ್ಟ್ ಸೀಟು ಹಾಕಿಸಿ, ಗೈಡು ಬದಲಿಸುವ ಹೊತ್ತಿಗೆ ಹೊಸ ಅಲ್ಯೂಮಿನಿಯಂ ಹೆಡ್ಡಿನ ಬೆಲೆಗೆ ಬಂದು ನಿಲ್ಲುತ್ತೀಯ. ಹೊಸದು ಹೆಚ್ಚು ಗಾಳಿ ಎಳೆಯುತ್ತದೆ, ತೂಕವೂ ಕಡಿಮೆ. ಅಪರೂಪದ ವಸ್ತುವನ್ನು ಅದು ಬೇಕಾದವರಿಗೆ ಬಿಟ್ಟುಕೊಡುವುದೂ ಒಂದು ಮರ್ಯಾದೆ.

ಮೊದಲ ಎರಡು ಸೀಸನ್ ಬ್ರಾಕೆಟ್ ರೇಸ್ ಓಡಿಸು ಎನ್ನುವುದು ನನ್ನ ಸಲಹೆ. ಮಿಲಾನ್ ಡ್ರ್ಯಾಗ್‌ವೇ ನಿನ್ನ ಮನೆಯಿಂದ ದೂರವಿಲ್ಲ. ಕಾಲು ಮೈಲಿ, ಅಂದರೆ 402 ಮೀಟರನ್ನು ನನ್ನ ಕಾರು ಇಷ್ಟು ಸೆಕೆಂಡಿನಲ್ಲಿ ಓಡುತ್ತದೆ ಎಂದು ನೀನೇ ಮೊದಲು ಬರೆದುಕೊಡಬೇಕು. ನಿಧಾನದ ಕಾರಿಗೆ ಅಷ್ಟು ಮೊದಲೇ ದೀಪ ಹತ್ತುತ್ತದೆ. ಬರೆದ ಸಮಯಕ್ಕಿಂತ ಬೇಗ ಓಡಿದರೆ ಸೋತೆ. ದೀಪಕ್ಕೆ ಮೊದಲೇ ಹೊರಟರೂ ಸೋತೆ. ಇಲ್ಲಿ ಗೆಲ್ಲುವುದು ದುಬಾರಿ ಎಂಜಿನ್ನಲ್ಲ, ಬೆಳಿಗ್ಗೆಯೂ ಸಂಜೆಯೂ ಒಂದೇ ಸಮಯ ಕೊಡುವ ಎಂಜಿನ್ನು. 6000 ಆರ್‌ಪಿಎಂಗೆ ಕಟ್ಟಿದ ಎಂಜಿನ್ ವರ್ಷಗಟ್ಟಲೆ ಬಾಳುತ್ತದೆ, ನಿನ್ನ ಕೈ ಪಳಗುತ್ತದೆ, ಒಂದು ವಿರಳ ಬ್ಲಾಕ್ ಉಳಿಯುತ್ತದೆ. ಒಂದು ಮಾತು: 11.49 ಸೆಕೆಂಡು ಅಥವಾ ಅದಕ್ಕಿಂತ ಚುರುಕಾಗಿ ಓಡುವ ನಿನ್ನಂಥ ಹಳೆಯ ಕಾರಿಗೆ ರೋಲ್ ಬಾರ್ ಕಡ್ಡಾಯ. ಎಂಜಿನ್ನಿನ ಬಜೆಟ್ಟಿನಲ್ಲೇ ಅದನ್ನೂ ಸೇರಿಸಿಕೋ. ವುಡ್‌ವರ್ಡ್ ಅವೆನ್ಯೂನಲ್ಲಿ ರಾತ್ರಿ ಹೊತ್ತು ಸವಾಲು ಹಾಕುವವರ ಜೊತೆ ಹೋಗಬೇಡ. ನಿನ್ನ ಪ್ರಾಣ, ರಸ್ತೆ ದಾಟುವವರ ಪ್ರಾಣ, ನಿನ್ನ ವೀಸಾ, ಎಲ್ಲವೂ ಆ ರಸ್ತೆಯ ಮೇಲಿರುತ್ತವೆ.

ಜೋಡಿಸುವ ದಿನ ಅವಸರ ಮಾಡಬೇಡ. ಹೋನಿಂಗ್ ಆದ ಬ್ಲಾಕನ್ನು ಬಿಸಿನೀರು, ಸೋಪು ಹಾಕಿ ಬ್ರಷ್ಷಿನಿಂದ ತಿಕ್ಕು. ಎಣ್ಣೆ ಹರಿಯುವ ಕೊಳವೆಗಳ ಪ್ಲಗ್ ಎಲ್ಲ ಬಿಚ್ಚಿ ಒಳಗೂ ಉದ್ದನೆಯ ಬ್ರಷ್ ಹಾಯಿಸು. ಆಮೇಲೆ ಬಿಳಿ ಬಟ್ಟೆಗೆ ಎಣ್ಣೆ ಹಚ್ಚಿ ಸಿಲಿಂಡರ್ ಒರೆಸು. ಬಟ್ಟೆ ಬೂದು ಬಣ್ಣಕ್ಕೆ ತಿರುಗಿದರೆ ಹೋನಿಂಗ್ ಕಲ್ಲಿನ ಪುಡಿ ಇನ್ನೂ ಇದೆ, ಮತ್ತೆ ತೊಳೆ. ಬಟ್ಟೆ ಬಿಳಿಯಾಗೇ ಬರುವವರೆಗೆ ತೊಳೆ. ಬೇರಿಂಗ್ ಸಂದನ್ನು ಜರ್ನಲಿನ ಒಂದು ಇಂಚಿಗೆ ಒಂದು ಥೌ ಲೆಕ್ಕದಲ್ಲಿ ಇಡು, ನಿನ್ನ ಮೇನ್‌ಗಳಿಗೆ ಎರಡೂವರೆಯಿಂದ ಮೂರು. ಪ್ಲಾಸ್ಟಿಕ್ ಎಳೆ ಇಟ್ಟು ಅಂದಾಜು ಮಾಡದೆ ಮೈಕ್ರೋಮೀಟರು, ಬೋರ್ ಗೇಜಿನಲ್ಲಿ ಅಳೆ. ಪಿಸ್ಟನ್ನಿಗೂ ವಾಲ್ವಿಗೂ ನಡುವೆ ಇನ್‌ಟೇಕಿನಲ್ಲಿ 80 ಥೌ, ಎಕ್ಸಾಸ್ಟಿನಲ್ಲಿ 100 ಥೌ ಇದೆಯೇ ಎಂದು ಪಿಸ್ಟನ್ ತಲೆಗೆ ಮೆತ್ತನೆ ಜೇಡಿ ಅಂಟಿಸಿ, ಎಂಜಿನ್ ಕೈಯಲ್ಲೇ ತಿರುಗಿಸಿ, ಜೇಡಿ ಕೊಯ್ದು ನೋಡು. ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡು. ಮುಂದೆ ಬಿಚ್ಚಿದಾಗ ಏನು ಸವೆದಿದೆ ಎಂದು ಹೇಳುವುದು ಆ ಪುಸ್ತಕವೇ.

ಖರ್ಚಿನ ವಿಷಯ ನಿನ್ನ ಹೆಂಡತಿಗೆ ಪೂರ್ತಿ ಗೊತ್ತಿರಲಿ. ಕ್ರೆಡಿಟ್ ಕಾರ್ಡಿನಲ್ಲಿ ಕ್ರ್ಯಾಂಕ್ ತರಬೇಡ. ಈ ಕಬ್ಬಿಣ ಐವತ್ತು ವರ್ಷ ಕಾದಿದೆ, ಇನ್ನೆರಡು ವರ್ಷ ಕಾಯುತ್ತದೆ. ಬಡ್ಡಿ ಕಾಯುವುದಿಲ್ಲ.

ಮುಖ್ಯವಾದದ್ದನ್ನು ಕೊನೆಗೆ ಉಳಿಸಿಕೊಂಡಿದ್ದೇನೆ. ಬಿಡಿಭಾಗಗಳಿಗಿಂತ ಬೇಗ ಕಡಿಮೆಯಾಗುತ್ತಿರುವುದು ಈ ಕೆಲಸ ಬಲ್ಲ ಕೈಗಳು. ಕ್ರ್ಯಾಂಕನ್ನು ಇವತ್ತಲ್ಲ ನಾಳೆ ಯಾರಾದರೂ ಉಕ್ಕಿನಿಂದ ಕಡೆದು ಮಾರುತ್ತಾರೆ. ಹೋನಿಂಗ್ ಕಲ್ಲು ಗೋಡೆಗೆ ತಾಗುವ ಸದ್ದಿನಿಂದಲೇ ಸಿಲಿಂಡರ್ ಎಲ್ಲಿ ಬಿಗಿ ಎಂದು ಹೇಳುವ ಮನುಷ್ಯನನ್ನು ಆರ್ಡರ್ ಕೊಟ್ಟು ತರಿಸಲಾಗುವುದಿಲ್ಲ. ನಾನು ಈ ಊರಿಗೆ ಬಂದಾಗ ಇದ್ದ ಮಷಿನ್ ಶಾಪುಗಳಲ್ಲಿ ಎಷ್ಟೋ ಬಾಗಿಲು ಹಾಕಿವೆ. ನಡೆಸುತ್ತಿರುವವರಲ್ಲಿ ಹೆಚ್ಚಿನವರು ನನ್ನ ವಯಸ್ಸಿನವರು, ಮಕ್ಕಳು ಬೇರೆ ಕೆಲಸಕ್ಕೆ ಹೋದರು. ನಿನ್ನ ಬ್ಲಾಕನ್ನು ಅಂಥವರ ಹತ್ತಿರ ಒಯ್ಯಿ. ಕೇಳಿದ ಕೂಲಿಯಲ್ಲಿ ಒಂದು ಡಾಲರೂ ಇಳಿಸಬೇಡ. ಕೆಲಸ ನಡೆಯುವಾಗ ಪಕ್ಕದಲ್ಲಿ ನಿಲ್ಲಲು ಅಪ್ಪಣೆ ಕೇಳು, ಕೊಟ್ಟರೆ ಫೋನ್ ಜೇಬಿನಲ್ಲಿಟ್ಟು ನೋಡು. ನೆಲ ಗುಡಿಸು ಅಂದರೆ ಗುಡಿಸು. ಒಂದು ವರ್ಷ ಶನಿವಾರಗಳನ್ನು ಅಲ್ಲಿ ಕಳೆದರೆ ಹೋನಿಂಗ್ ಕಲಿಯುತ್ತೀಯ. ನಿನ್ನ ಗೆಳೆಯರನ್ನೂ ಕರೆದುಕೊಂಡು ಹೋಗು, ಒಬ್ಬರಾದರೂ ಕಲಿಯಲಿ. ಹೆಚ್ಚಿನ ಶಾಪುಗಳು ಶನಿವಾರ ಮಧ್ಯಾಹ್ನದವರೆಗೆ ತೆರೆದಿರುತ್ತವೆ, ಬೆಳಿಗ್ಗೆಯೇ ಹೊರಡು.